ಒಂದು ಅಂಗುಲಕ್ಕೆ ಆರು ಹೊಲಿಗೆ

ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ ಮಾರ್ಚ್ ಹನ್ನೊಂದು, ಬುಧವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬೆಲ್ ಆನ್ಸ್ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರಳು ಮಾಡ್ ಟೀಡಮನ್, ವಯಸ್ಸು ಅರವತ್ತೊಂದು, ಕಸುಬು ಚಿತ್ರ ಬರೆಯುವುದು, ಹುಟ್ಟಿದ್ದು ಕೆನಡಾ, ಮೂವತ್ತು ವರ್ಷದಿಂದ ಕ್ಯಾರಿಯಕೂ ದ್ವೀಪದ ವಾಸಿ.

ಅದು ಕೊಯ್ಲು ಮುಗಿದು ಆಡು ಕುರಿಗಳನ್ನು ಹಗ್ಗ ಬಿಚ್ಚಿ ಬಿಡುವ ಕಾಲ. ಠಾಣೆಗೆ ಬರುವ ಹತ್ತು ದೂರುಗಳಲ್ಲಿ ಒಂಬತ್ತು ಆಡಿನವೇ. ಇನ್‌ಸ್ಪೆಕ್ಟರ್ ಯುರಾಯಸ್ ಕ್ವಾಶಿ ಇದೂ ಅಂಥದ್ದೇ ಇರಬೇಕು ಎಂದುಕೊಂಡು ಪೆನ್ನಿನ ಮುಚ್ಚಳ ತೆಗೆದ.

"ಯಾರ ಆಡು, ಮಿಸ್ ಮಾಡ್?"

"ಆಡಲ್ಲ. ನನ್ನ ಚಿತ್ರದಿಂದ ಒಂದು ತುಂಡು ಕದ್ದಿದಾರೆ."

"ಚಿತ್ರ ಅಲ್ಲ, ತುಂಡು?"

"ತುಂಡು."

"ಆ ಜಾಗದಲ್ಲಿ ಈಗ ಏನಿದೆ?"

"ಬೇರೆ ತುಂಡು. ಹೊಲಿದಿದಾರೆ. ತುಂಬಾ ಚೆನ್ನಾಗಿ ಹೊಲಿದಿದಾರೆ, ಅದೇ ನನಗೆ ಹೊಟ್ಟೆಯೊಳಗೆ ಬೆಂಕಿ."

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಡೆಲ್ಸಿ ಪ್ಯಾಟ್ರಿಸ್ ತಲೆ ಎತ್ತಿದಳು. ದೊಡ್ಡ ದ್ವೀಪ ಗ್ರೆನೇಡಾದಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಇಲ್ಲಿನವರ ತರಹೇವಾರಿ ದೂರುಗಳನ್ನು ಕೇಳಿ ಅವಳ ಕಿವಿ ಪಳಗಿತ್ತಾದರೂ, ಕಳ್ಳ ತೂತು ಮುಚ್ಚಿ ಹೋದ ದೂರನ್ನು ಅವಳು ಕೇಳಿರಲಿಲ್ಲ.

"ಸಾರ್, ನಿಮ್ಮೂರಲ್ಲಿ ಕಳ್ಳರೂ ಅಚ್ಚುಕಟ್ಟು," ಎಂದಳು.

ಇನ್‌ಸ್ಪೆಕ್ಟರ್ ಫಾರಂ ಹತ್ತಿರ ಎಳೆದುಕೊಂಡ. ಎಫ್‌ಐಆರ್ ಬರೆದ. ಕಳವು ಮತ್ತು ಸ್ವತ್ತಿಗೆ ಹಾನಿ. ಚಿತ್ರ ಶುಕ್ರವಾರ ಮಧ್ಯಾಹ್ನದ ಹಡಗಿಗೆ ಬಾರ್ಬಡೋಸಿನ ಪ್ರದರ್ಶನಕ್ಕೆ ಹೊರಡಬೇಕಿತ್ತು. ಮಿಸ್ ಮಾಡ್ ಜೀವನದಲ್ಲಿ ಅದು ಮೊದಲ ದೊಡ್ಡ ಪ್ರದರ್ಶನ. ಈ ವಯಸ್ಸಿನಲ್ಲಿ ಎರಡನೆಯದು ಬರುವುದು ಅನುಮಾನ ಎಂದು ಅವಳೇ ಹೇಳಿದಳು.

ಹತ್ತು ಗಂಟೆ ಐದು ನಿಮಿಷಕ್ಕೆ ಊರಿನ ಸಮುದಾಯ ಭವನದಲ್ಲಿ ಪಂಚನಾಮೆ ಶುರುವಾಯಿತು. ಪಂಚರಾಗಿ ಶಾಲೆಯ ಮೇಷ್ಟ್ರೂ, ಭವನದ ಕೀಲಿ ಇಟ್ಟುಕೊಳ್ಳುವ ಟಾಂಟಿ ಜೆಫ್ರೀನಳೂ ಬಂದರು. ಟಾಂಟಿ ಎಂದರೆ ಊರಿಗೆಲ್ಲ ಅತ್ತೆ, ಪೊಲೀಸರಿಗೂ ಅತ್ತೆ.

ಚಿತ್ರ ಒಂದು ಗೋಡೆಯನ್ನೇ ತುಂಬಿತ್ತು. ಎಂಟು ಅಡಿ ಅಗಲ. ಬಣ್ಣಕ್ಕಿಂತ ಸಾಮಾನೇ ಜಾಸ್ತಿ: ಒಡೆದ ದೋಣಿಗಳ ಹಲಗೆ, ತುಕ್ಕು ಹಿಡಿದ ತಗಡು, ಮೀನುಬಲೆ, ಶಂಖದ ಚೂರು, ಹಳೇ ಹಾಯಿಗಳ ಬಟ್ಟೆ. ಎಲ್ಲ ಸೇರಿ ಕ್ಯಾರಿಯಕೂ ದ್ವೀಪದ ಆಕಾರ ಆಗಿತ್ತು. ಕೆಳಗೆ 'ನೆಲೆ' ಎಂದು ಹೆಸರು. ಹೋದ ವಾರ ಊರಿಗೆ ಊರೇ ಬಂದು ಇದನ್ನು ನೋಡಿತ್ತು. ಇದು ನಮ್ಮಪ್ಪನ ದೋಣಿ ಹಲಗೆ, ಇದು ನಮ್ಮ ಕೋಳಿಗೂಡಿನ ತಗಡು ಎಂದು ಜನ ಬೆರಳಿಟ್ಟು ತೋರಿಸಿ ನಗಾಡಿದ್ದರು. ಈಗ ದೋಣಿಗಳೆಲ್ಲ ಫೈಬರ್‌ಗ್ಲಾಸು, ಹಾಯಿಗಳೆಲ್ಲ ನೈಲಾನು. ಹೊಸ ದೋಣಿ ನೀರಿಗಿಳಿಸುವ ದಿನ ಟಗರು ಕಡಿದು, ರಮ್ಮು ಚೆಲ್ಲಿ, ಇನ್ನೂರು ಜನ ಹಗ್ಗ ಜಗ್ಗಿ ಹಾಡುತ್ತಿದ್ದ ಕಾಲವನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡಿದ್ದ. ಆ ಕಾಲ ಈ ಗೋಡೆಯ ಮೇಲೆ ಮಾತ್ರ ಉಳಿದಿತ್ತು. ಅದಕ್ಕೇ ಉದ್ಘಾಟನೆಯ ದಿನ ಡ್ಯೂಟಿ ನೆಪ ಹೇಳಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ನೋಡಿದರೆ ಅತ್ತುಬಿಡುತ್ತೇನೆ ಎಂಬ ಭಯ ಅವನಿಗೆ.

ಹೋದ ತುಂಡು ಬೆಲ್ ಆನ್ಸ್ ಕೊಲ್ಲಿಯ ಜಾಗದ್ದು. ಹದಿನೆಂಟು ಅಂಗುಲ ಉದ್ದ, ಆರು ಅಂಗುಲ ಅಗಲ. ನಡುವೆ ಉದ್ದಕ್ಕೆ ಬಾಯಿಬಿಟ್ಟಿದ್ದ ಹಾಯಿಬಟ್ಟೆ.

"ಆ ಬಾಯಿಬಿಟ್ಟ ಜಾಗವೇ ನನಗೆ ಬೇಕಾಗಿದ್ದು," ಎಂದಳು ಮಿಸ್ ಮಾಡ್. "ಅದರ ಸುತ್ತ ಉಳಿದದ್ದೆಲ್ಲ ಕಟ್ಟಿದ್ದೀನಿ. ಪ್ಯಾಕ್ ಮಾಡೋಕೆ ಅಂತ ಇವತ್ತು ಬಂದು ನೋಡಿದ್ರೆ ಕೊಲ್ಲಿ ಮುಚ್ಚಿಹೋಗಿದೆ."

ಡೆಲ್ಸಿ ಬರೆದುಕೊಳ್ಳುತ್ತ ಕೇಳಿದಳು. "ಆ ಹಾಯಿ ಎಲ್ಲಿಂದ ತಂದ್ರಿ, ಮೇಡಂ?"

ಮಿಸ್ ಮಾಡ್ ಇನ್‌ಸ್ಪೆಕ್ಟರನ ಮುಖ ನೋಡಿದಳು. "ಇವರೇ ಕೊಟ್ಟಿದ್ದು."

ಇನ್‌ಸ್ಪೆಕ್ಟರ್ ಹೇಳಿದ, "ಹೌದು. ಬರೆದುಕೊ. ನಾಲ್ಕು ವರ್ಷದ ಹಿಂದೆ, ನಮ್ಮಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ. ಮಂಚದ ಕೆಳಗೆ ಕಟ್ಟಿ ಇಟ್ಟಿದ್ದ ಗಂಟು. ಬಿಚ್ಚಿ ನೋಡದೆ ಕೊಟ್ಟೆ. ಮೇರಿ ಆಲ್ಬರ್ಟಾ ಅನ್ನೋ ದೋಣಿಯದ್ದು."

ಟಾಂಟಿ ಜೆಫ್ರೀನ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿದಳು. ಆ ದೋಣಿ ಐವತ್ತೊಂಬತ್ತರ ಡಿಸೆಂಬರಿನಲ್ಲಿ ಕುರಿ ಹೇರಿಕೊಂಡು ಟ್ರಿನಿಡಾಡಿಗೆ ಹೊರಟು ಮುಳುಗಿತು. ನಾಲ್ಕು ಜನ ಹೋದರು. ಅದರಲ್ಲಿ ಒಬ್ಬ ಇನ್‌ಸ್ಪೆಕ್ಟರನ ಅಪ್ಪ. ಹೆಣ ಸಿಗಲಿಲ್ಲ. ಹಾಯಿ ಮಾತ್ರ ಬಂಡೆಗೆ ಸಿಕ್ಕಿಕೊಂಡಿತ್ತು. ಯಾರೋ ತಂದು ಅವನ ಅಮ್ಮನಿಗೆ ಕೊಟ್ಟರು. ಅಪ್ಪ ಹೋದಾಗ ಯುರಾಯಸನಿಗೆ ಆರು ವರ್ಷ.

ತೇಪೆಯ ಪರೀಕ್ಷೆ ನಡೆಯಿತು. ಬಟ್ಟೆ ಹಳೇ ಹತ್ತಿ ಕ್ಯಾನ್ವಾಸು, ದಾರಕ್ಕೆ ಮೇಣ ಹಚ್ಚಿದೆ. ಡೆಲ್ಸಿ ಅಳತೆಪಟ್ಟಿ ಇಟ್ಟು ಎಣಿಸಿದಳು.

"ಅಂಗುಲಕ್ಕೆ ಆರು, ಸಾರ್. ಎಲ್ಲಿ ಇಟ್ಟರೂ ಆರೇ. ಮಿಷಿನ್ನಾ?"

"ಕೈ."

"ಹೊಲಿಗೆ ಎಡಕ್ಕೆ ವಾಲಿದೆ."

"ಬರಿ. ಎಡಕ್ಕೆ ವಾಲಿದೆ."

ಅವನ ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಆ ಹೊಲಿಗೆಯನ್ನು ಅವನು ಇವತ್ತು ಚಿತ್ರದ ಹತ್ತಿರ ಬಂದ ಕೂಡಲೇ ಗುರುತಿಸಿದ್ದ. ಬೆಲ್ ಆನ್ಸಿನ ಹಾಯಿ ಹೊಲಿಯುವವರಲ್ಲಿ ಎಡಗೈ ಬಳಸುತ್ತಿದ್ದವನು ಒಬ್ಬನೇ. ಅವನ ಹೆಸರನ್ನು ಇನ್‌ಸ್ಪೆಕ್ಟರ್ ಆ ದಿನ ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಗೊತ್ತಿದ್ದೂ ಒಂದು ದಿನ ತಡ ಮಾಡಿದ್ದು ಅದೇ ಮೊದಲು.

ಹನ್ನೆರಡೂ ಕಾಲಿಗೆ ದೊಡ್ಡ ದ್ವೀಪದಲ್ಲಿದ್ದ ಸೂಪರಿಂಟೆಂಡೆಂಟರಿಗೆ ಫೋನು ಮಾಡಿ, ತನ್ನ ಅಪ್ಪನ ದೋಣಿಯ ವಿಚಾರ ತಿಳಿಸಿ, ತನಿಖೆ ಬೇರೆಯವರಿಗೆ ಕೊಡಿ ಎಂದು ಕೇಳಿದ.

"ನಿಮ್ಮ ದ್ವೀಪದಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದವರು ಯಾರಿದಾರಯ್ಯ?" ಎಂದರು ಸಾಹೇಬರು. "ಒಂದು ತುಂಡು ಬಟ್ಟೆಗೆ ಇಲ್ಲಿಂದ ಆಫೀಸರನ್ನ ಕಳಿಸ್ಲಾ? ನೀನೇ ಮುಗಿಸು."

ಮಧ್ಯಾಹ್ನ ಡೆಲ್ಸಿ ಪಟ್ಟಿ ಮಾಡಿದಳು. ಊರಿನ ಹಾಯಿ ಹೊಲಿಯುವವರಲ್ಲಿ ಬದುಕಿದ್ದವರು ಮೂವರು. ಒಬ್ಬನಿಗೆ ಕಣ್ಣು ಹೋಗಿತ್ತು. ಇನ್ನೊಬ್ಬ ಬ್ರೂಕ್ಲಿನ್‌ನಲ್ಲಿ ಮಗಳ ಮನೆಯಲ್ಲಿದ್ದ. ಮೂರನೆಯವನು ಕ್ಯಾನ್ಯೂಟ್ ಮೆಕ್‌ಲೀಶ್, ಎಪ್ಪತ್ತು ವರ್ಷ, ಮದುವೆಯಿಲ್ಲ. ಇನ್‌ಸ್ಪೆಕ್ಟರ್ ಮೊದಲು ಕಣ್ಣಿಲ್ಲದವನ ಹೇಳಿಕೆ ತೆಗೆದುಕೊಂಡ. ಬ್ರೂಕ್ಲಿನ್‌ಗೂ ಫೋನು ಮಾಡಿಸಿದ. ಡೆಲ್ಸಿ ಪೆದ್ದಿಯಲ್ಲ. ಇನ್‌ಸ್ಪೆಕ್ಟರ್ ಯಾಕೆ ಸುತ್ತಿಬಳಸುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಗತೊಡಗಿತ್ತು.

"ಎಷ್ಟು ಹೊತ್ತು ಬೇಕು, ಸಾರ್, ಇಷ್ಟು ಹೊಲಿಯೋಕೆ?" ಎಂದಷ್ಟೇ ಕೇಳಿದಳು.

ಇನ್‌ಸ್ಪೆಕ್ಟರ್ ಮನೆಯಿಂದ ಸೂಜಿ, ಮೇಣ, ಅಂಗೈಗೆ ಕಟ್ಟುವ ಚರ್ಮದ ಪಟ್ಟಿ ತರಿಸಿದ. ಠಾಣೆಯ ಹಳೇ ಪರದೆಯ ಮೇಲೆ ತಾನೇ ಹೊಲಿಯತೊಡಗಿದ, ಡೆಲ್ಸಿ ಗಡಿಯಾರ ಹಿಡಿದು ನಿಂತಳು. ಮೂವತ್ತು ವರ್ಷ ಸೂಜಿ ಹಿಡಿಯದ ಕೈ ಮೊದಲ ಅಂಗುಲದಲ್ಲಿ ತಡವರಿಸಿತು, ಎರಡನೆಯದರಲ್ಲಿ ದಾರಿ ಕಂಡುಕೊಂಡಿತು. ಮೇಣದ ವಾಸನೆ ಮೂಗಿಗೆ ಬಡಿದ ಕೂಡಲೆ ಕ್ಯಾನ್ಯೂಟ್ ಹಾಯಿ ಹೊಲಿಯುತ್ತಿದ್ದ ಕೊಟ್ಟಿಗೆ ಕಣ್ಣಮುಂದೆ ಬಂತು. ಬಾದಾಮಿ ಮರದ ಕೆಳಗಿನ ಬೆಂಚು. ನೆಲದ ತುಂಬ ಹಾಸಿದ ಬಿಳೀ ಬಟ್ಟೆ, ಅದರ ಮೇಲೆ ಬರಿಗಾಲಲ್ಲಿ ಓಡಾಡಿದರೆ ಬೈಗುಳ. 'ಅಂಗುಲಕ್ಕೆ ಆರು ಕಣೋ. ಐದು ಹಾಕಿದರೆ ಗಾಳಿಗೆ ಗೊತ್ತಾಗತ್ತೆ.' ಶನಿವಾರ ಬಂತೆಂದರೆ ಕ್ಯಾನ್ಯೂಟ್ ಮೀನು ಹಿಡಿದುಕೊಂಡು ಅಮ್ಮನ ಬಾಗಿಲಿಗೆ ಬರುತ್ತಿದ್ದ. ಮೊದಲ ಬೂಟು ತೊಡಿಸಿದ್ದು ಅವನು. ಸುಂಕ ಕಟ್ಟದೆ ವಿಸ್ಕಿ ತಂದು ಬದುಕುವ ಊರಲ್ಲಿ ಹುಟ್ಟಿ ಪೊಲೀಸ್ ಸೇರುತ್ತೇನೆಂದಾಗ ಊರೆಲ್ಲ ಮುಖ ತಿರುಗಿಸಿತ್ತು, ದೋಣಿಕಟ್ಟೆಗೆ ಬಂದು ಕಳಿಸಿಕೊಟ್ಟವನು ಕ್ಯಾನ್ಯೂಟ್ ಒಬ್ಬನೇ. ಯುರಾಯಸ್ ಕ್ವಾಶಿಗೆ ಬಾಲ್ಯ ಎಂದು ಏನಾದರೂ ಇದ್ದರೆ ಅದು ಆ ಕೊಟ್ಟಿಗೆ. ಅದೊಂದನ್ನು ಯಾರೂ ಮುಟ್ಟದಿರಲಿ ಎಂದು ಅವನ ಮನಸ್ಸು ಬೇಡುತ್ತಿತ್ತು.

"ಒಂದು ಅಂಗುಲಕ್ಕೆ ಒಂದೂಕಾಲು ನಿಮಿಷ," ಎಂದಳು ಡೆಲ್ಸಿ. "ಸುತ್ತಳತೆ ನಲವತ್ತೆಂಟು ಅಂಗುಲ. ಒಂದು ಗಂಟೆ. ಅಷ್ಟು ಹೊತ್ತು ಭವನದಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರೋಕೆ ಯಾವಾಗ ಆಗತ್ತೆ?"

"ಭಾನುವಾರ. ಚರ್ಚಲ್ಲಿ ಪೂಜೆ ನಡೆಯೋ ಹೊತ್ತಲ್ಲಿ."

ಸಂಜೆ ಐದಕ್ಕೆ ಟಾಂಟಿ ಜೆಫ್ರೀನಳ ಹೇಳಿಕೆ.

"ಭಾನುವಾರ ಭವನ ತೆಗೆದಿತ್ತಾ, ಟಾಂಟಿ?"

"ಗುಡಿಸಿ ತೆಗೆದೇ ಬಿಟ್ಟು ಚರ್ಚಿಗೆ ಹೋದೆ. ನೆಲ ಆರಬೇಕಲ್ಲ."

"ಒಳಗೆ ಯಾರಾದ್ರೂ ಹೋದ್ರಾ?"

"ಯಾರೂ ಇಲ್ಲ."

"ಖಂಡಿತ ಯಾರೂ ಇಲ್ವಾ?" ಡೆಲ್ಸಿ ಕೇಳಿದಳು.

"ಯಾರೂ ಇಲ್ಲಮ್ಮ, ನಾ ಹೊರಡುವಾಗ ಒಳಗೆ ಹೋದ ಕ್ಯಾನ್ಯೂಟ್ ಬಿಟ್ಟರೆ. ಅವನೇನು ಹೊರಗಿನವನಾ, ಲೆಕ್ಕಕ್ಕೆ ತಗೊಳ್ಳೋಕೆ?"

ಇನ್‌ಸ್ಪೆಕ್ಟರ್ ಅಲ್ಲಿಗೇ ಹೇಳಿಕೆ ಮುಗಿಸಿದ. ಮನೆಗೆ ಹೋದವನು ಊಟ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಏಳೂವರೆಗೆ ಇನ್‌ಸ್ಪೆಕ್ಟರ್, ಡೆಲ್ಸಿ ಮತ್ತು ಪಂಚರಾಗಿ ಮೇಷ್ಟ್ರು ಕ್ಯಾನ್ಯೂಟನ ಕೊಟ್ಟಿಗೆಗೆ ಹೋದರು. ಮುದುಕ ಬೆಂಚಿನ ಮೇಲೆ ಕೂತು ಯಾರದೋ ಅಂಗಡಿಯ ನೆರಳುಬಟ್ಟೆ ರಿಪೇರಿ ಮಾಡುತ್ತಿದ್ದ. ಈಗ ಅವನಿಗೆ ಬರುವುದು ಅಂಥ ಕೆಲಸವೇ.

"ಬಂದ್ಯಾ. ನಿನ್ನೇನೇ ಬರ್ತೀಯ ಅಂದ್ಕೊಂಡಿದ್ದೆ," ಎಂದ.

"ನಿನ್ನೆ ಬೇರೆ ಕೆಲಸ ಇತ್ತು, ಮಾವ."

"ಆಡಿನ ಕೇಸಾ?"

ಇನ್‌ಸ್ಪೆಕ್ಟರ್ ನಗಲಿಲ್ಲ. "ಭಾನುವಾರ ಪೂಜೆ ಹೊತ್ತಲ್ಲಿ ಎಲ್ಲಿದ್ದೆ?"

"ಭವನದಲ್ಲಿ."

"ಏನ್ ಮಾಡ್ತಿದ್ದೆ?"

"ಹೊಲೀತಿದ್ದೆ."

"ಕತ್ತರಿಸಿದ್ದು ಯಾರು?"

"ಹೊಲಿಯೋಕೆ ಮುಂಚೆ ಕತ್ತರಿಸ್ಬೇಕು. ಅಷ್ಟು ನಿಂಗೆ ಕಲಿಸಿದೀನಿ."

"ತುಂಡು ಎಲ್ಲಿದೆ?"

ಮುದುಕ ಎದ್ದು ಮೂಲೆಯ ಪೆಟ್ಟಿಗೆಯಿಂದ ಕಾಗದದಲ್ಲಿ ಸುತ್ತಿದ್ದ ಬಟ್ಟೆ ತಂದು ಬೆಂಚಿನ ಮೇಲೆ ಬಿಡಿಸಿದ. ಏಳು ನಲವತ್ತೆರಡಕ್ಕೆ ಮಹಜರು ಬರೆಯಲಾಯಿತು. ಹದಿನೆಂಟು ಅಂಗುಲ, ಆರು ಅಂಗುಲ, ನಡುವೆ ಉದ್ದ ಬಾಯಿ. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. ಮೂವತ್ತೆಂಟು ವರ್ಷದಲ್ಲಿ ಅಪ್ಪನ ಹಾಯಿಯನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಾಯಿಯ ಎರಡೂ ಅಂಚು ಸರಳರೇಖೆಯಷ್ಟು ನೇರವಾಗಿದ್ದವು. ಅಂಚಿನುದ್ದಕ್ಕೂ ಸೂಜಿಯ ತೂತುಗಳು. ಅಲ್ಲಲ್ಲಿ ಕಿತ್ತುಹೋದ ದಾರದ ತುದಿ. ಡೆಲ್ಸಿ ಅಳತೆಪಟ್ಟಿ ಇಟ್ಟಳು.

"ಮೂರು," ಎಂದಳು ಮೆಲ್ಲಗೆ. "ಅಂಗುಲಕ್ಕೆ ಮೂರೇ ಇದೆ, ಸಾರ್."

"ಇದು ಬಟ್ಟೆ ಹರಿದದ್ದಲ್ಲ," ಎಂದ ಇನ್‌ಸ್ಪೆಕ್ಟರ್.

"ಅಲ್ಲ. ಹೊಲಿಗೆ ಬಿಟ್ಟದ್ದು," ಎಂದ ಮುದುಕ.

"ಯಾರ ಹೊಲಿಗೆ?"

"ಎಡಗೈದು," ಎಂದ ಕ್ಯಾನ್ಯೂಟ್. ಆಮೇಲೆ ಬೆಂಚಿನ ಮೇಲೆ ಕೂತು, ಕೇಳದೆಯೇ ಹೇಳಿದ. "ಶನಿವಾರ. ಗ್ರೆನೇಡಾದಿಂದ ಬ್ಯಾಂಡ್ ಬಂದಿತ್ತು, ಕುಣಿತ ಇತ್ತು. ಸೋಮವಾರ ದೋಣಿ ಹೊರಡಬೇಕು. ನಡುವಿನ ಹೊಲಿಗೆ ಇನ್ನೂ ಎರಡು ಆಳುದ್ದ ಬಾಕಿ. ನಿಮ್ಮಪ್ಪ ಬಂದು, ಆಯ್ತಾ ಕ್ಯಾನ್ಯೂಟ್ ಅಂದ. ಆಯ್ತು ಹೋಗು ಅಂದೆ. ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೆ, ಅಷ್ಟರ ಮೇಲೇ ಗಮನ. ಉಳಿದದ್ದನ್ನ ಓಡಿಸಿಬಿಟ್ಟೆ. ಮೇಣಾನೂ ಹಚ್ಚಲಿಲ್ಲ. ನಿಮ್ಮಪ್ಪ ಕೈಯಲ್ಲಿ ಮುಟ್ಟೂ ನೋಡ್ಲಿಲ್ಲ. ನನ್ನ ಹೊಲಿಗೆಯನ್ನ ಅವನು ಯಾವತ್ತೂ ಮುಟ್ಟಿ ನೋಡಿದವನಲ್ಲ."

ಡೆಲ್ಸಿಯ ಪೆನ್ನು ಓಡುತ್ತಿತ್ತು.

"ಬಟ್ಟೆ ಹರಿದಿರಬಹುದು, ಹಾಯಿಮರ ಮುರಿದಿರಬಹುದು, ಹಾಗಂತ ಹೇಳ್ಕೊಂಡು ಮೂವತ್ತೆಂಟು ವರ್ಷ ಬದುಕಿದೆ. ನಿಮ್ಮಮ್ಮ ಗಂಟು ಬಿಚ್ಚಲಿಲ್ಲ, ನಾನು ಬಿಚ್ಚು ಅನ್ನಲಿಲ್ಲ. ಹೋದ ವಾರ ಆಯಮ್ಮ ಅದನ್ನ ದೀಪ ಹಾಕಿ ಗೋಡೆಗೆ ತೂಗುಹಾಕಿದ್ಲು. ಊರವರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ನಾನು ಎಣಿಸ್ದೆ."

"ಕತ್ತರಿಸಿದವನು ಹಾಗೇ ಬಿಟ್ಟು ಬರಬೇಕಿತ್ತು," ಎಂದ ಇನ್‌ಸ್ಪೆಕ್ಟರ್. "ಹೊಲಿದಿರದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

"ಹಾಯಿಯಲ್ಲಿ ತೂತು ಮಾಡಿ ಹಾಗೇ ಬರ್ತಾರಾ ಯಾರಾದ್ರೂ?" ಮುದುಕನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಆ ಶನಿವಾರ ನಾನು ಮಾಡಬೇಕಾಗಿದ್ದ ಕೆಲಸ ಅದು. ಮಾಡ್ದೆ."

ಇನ್‌ಸ್ಪೆಕ್ಟರ್ ತುಂಡನ್ನು ಮತ್ತೆ ಕಾಗದದಲ್ಲಿ ಸುತ್ತಿದ. ಮುಂದಿನ ಪ್ರಶ್ನೆ ಕೇಸಿಗೆ ಸೇರಿದ್ದಲ್ಲ. ಡೆಲ್ಸಿ ಪೆನ್ನು ಕೆಳಗಿಟ್ಟಳು.

"ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬಂದೆ. ಬರಿಗೈಲಿ ಬರೋದು ಹೇಗೆ ಅಂತ ಮೀನು ತಂದೆ. ನೀನು ಬಾಗಿಲು ತೆಗೆದೆ. ಮೀನು ಕೊಟ್ಟು ವಾಪಸ್ ಬಂದೆ. ಮುಂದಿನ ಶನಿವಾರ ಹೇಳೋಣ ಅಂದ್ಕೊಂಡೆ."

"ನನ್ನನ್ನ ಸಾಕಿದ್ದೂ ಅದಕ್ಕಾ?"

ಕ್ಯಾನ್ಯೂಟ್ ತನ್ನ ಎಡಗೈ ನೋಡಿಕೊಂಡ. "ಮೊದಲ ವರ್ಷ ಅದಕ್ಕೇ. ಆಮೇಲಿಂದು ನಂಗೂ ಗೊತ್ತಿಲ್ಲ."

ಇನ್‌ಸ್ಪೆಕ್ಟರನಿಗೆ ಸಿಟ್ಟು ಬಂತು. ಅಪ್ಪ ಸತ್ತದ್ದಕ್ಕಲ್ಲ. ಅಪ್ಪನ ಮುಖವೂ ಅವನಿಗೆ ನೆನಪಿರಲಿಲ್ಲ. ಮೀನು, ಬೂಟು, ಬಾದಾಮಿ ಮರದ ನೆರಳು, ಎಲ್ಲವನ್ನೂ ಈ ಮುದುಕ ಒಂದೇ ಬೆಳಿಗ್ಗೆ ವಾಪಸ್ ತೆಗೆದುಕೊಂಡುಬಿಟ್ಟನಲ್ಲ ಎಂದು. ಹೊರಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತ. ಹತ್ತು ನಿಮಿಷದ ಮೇಲೆ ಒಳಗೆ ಬಂದು, ಠಾಣೆಗೆ ನಡೆಯಬೇಕು ಎಂದ. ಮುದುಕ ಆಗಲೇ ಚರ್ಚಿಗೆ ಹಾಕುವ ಅಂಗಿ ತೊಟ್ಟು ಕಾಯುತ್ತಿದ್ದ.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಿಸ್ ಮಾಡ್‌ಳನ್ನು ಠಾಣೆಗೆ ಕರೆಸಿ, ಸಿಕ್ಕ ತುಂಡನ್ನು ಗುರುತಿಸಲು ತೋರಿಸಲಾಯಿತು. ಗುರುತಿಸಿದಳು. ಹೇಳಿಕೆಯನ್ನು ಡೆಲ್ಸಿ ಓದಿ ಹೇಳಿದಳು. ಕೇಳುತ್ತ ಕೇಳುತ್ತ ಅವಳ ಬಿಳೀ ಮುಖ ಕೆಂಪಾಯಿತು.

"ಮೂವತ್ತು ವರ್ಷ," ಎಂದಳು. "ನನ್ನ ಜಗಲಿಯಲ್ಲಿ ಕೂತು ಕೋಕೋ ಟೀ ಕುಡಿದಿರಿ. ನಾನು ಈ ಊರವಳೇ ಅಂತ ಹೇಳಿದಿರಿ. ಆ ಬಟ್ಟೆಯಿಂದ ನಾಲ್ಕು ಜನ ಸತ್ತಿದಾರೆ ಅಂತ ಒಬ್ಬರಾದ್ರೂ ಹೇಳಬಾರದಿತ್ತಾ? ನಾನದನ್ನ ಅಲೆ ಥರ ಇದೆ ಅಂತ ಅಂಟಿಸಿದೆ, ಯುರಾಯಸ್. ಚೆಂದ ಇದೆ ಅಂತ ಅಂಟಿಸಿದೆ."

"ತಪ್ಪು ನಂದು," ಎಂದ ಇನ್‌ಸ್ಪೆಕ್ಟರ್. "ಕೊಡುವಾಗ ಹೇಳಬೇಕಿತ್ತು. ಹೇಳೋಕೆ ಬಾಯಿ ಬರಲಿಲ್ಲ, ಮನೆಯಿಂದ ಹೋದರೆ ಸಾಕಾಗಿತ್ತು."

ಅವಳು ಬಹಳ ಹೊತ್ತು ಆ ತುಂಡನ್ನೇ ನೋಡಿದಳು. ಮುಟ್ಟಲಿಲ್ಲ.

"ದೂರು ವಾಪಸ್ ತಗೊಳ್ತೀರಾ, ಮೇಡಂ?" ಡೆಲ್ಸಿ ಕೇಳಿದಳು.

"ಇಲ್ಲ," ಎಂದಿತು ಬೆಂಚಿನ ಮೇಲಿಂದ ಕ್ಯಾನ್ಯೂಟನ ದನಿ. "ವಾಪಸ್ ತಗೋಬೇಡಮ್ಮ. ಒಬ್ಬರಾದ್ರೂ ಬರ್ಕೊಳ್ಳಲಿ."

ಮಿಸ್ ಮಾಡ್ ಅವನ ಕಡೆ ತಿರುಗಿದಳು. ದೂರು ಇರಲಿ ಎಂಬಂತೆ ತಲೆಯಾಡಿಸಿದಳು. ಕೊನೆಗೆ ಇನ್‌ಸ್ಪೆಕ್ಟರನಿಗೆ ಹೇಳಿದಳು, "ಕೇಸು ಮುಗಿದ ಮೇಲೆ ಈ ತುಂಡು ನೀನೇ ಇಟ್ಕೊ. ನಂದಲ್ಲ ಇದು. ಚಿತ್ರ ಹೇಗಿದೆಯೋ ಹಾಗೇ ಹಡಗಿಗೆ ಹೋಗಲಿ. ಕೊಲ್ಲಿ ಮುಚ್ಚಿದೆ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ, ಊರವರು ಮುಚ್ಚಿದ್ರು ಅಂತೀನಿ."

ಅವಳು ಹೋದ ಮೇಲೆ ಆರೋಪಿಗೆ ಹೇಳಿಕೆಯನ್ನು ಇನ್ನೊಮ್ಮೆ ಓದಿ ಹೇಳಲಾಯಿತು. ಐವತ್ತೊಂಬತ್ತರ ಹೊಲಿಗೆಯ ಮಾತು ಬಂದಲ್ಲಿ ಅವನು ತಡೆದ.

"ಅಲ್ಲಿ 'ತಪ್ಪಿನಿಂದ' ಅಂತ ಬರ್ದಿದೀಯಾ, ಮಗಳೆ. ಅದನ್ನ ಹೊಡೆದು ಹಾಕು. ತಪ್ಪಲ್ಲ. ಗೊತ್ತಿದ್ದೇ ಮಾಡಿದ್ದು."

ಡೆಲ್ಸಿ ಇನ್‌ಸ್ಪೆಕ್ಟರನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಹೊಡೆದು ಹಾಕಿ, 'ಗೊತ್ತಿದ್ದು, ಅವಸರದಲ್ಲಿ' ಎಂದು ಬರೆದಳು. ಕ್ಯಾನ್ಯೂಟ್ ಎಡಗೈಯಲ್ಲಿ ಸಹಿ ಹಾಕಿದ.

ಹತ್ತು ಐವತ್ತಕ್ಕೆ ಬಂಧನ. ಕಾಯಿದೆಯ ಪ್ರಕಾರ ಬಂಧನ ಪತ್ರವನ್ನು ಅಲ್ಲೇ ತುಂಬಬೇಕು. ಡೆಲ್ಸಿ ಒಂದೊಂದೇ ಕೇಳುತ್ತ ಬಂದಳು. ಹೆಸರು. ವಯಸ್ಸು. ಕಸುಬು. ಮೈಮೇಲೆ ಗಾಯದ ಗುರುತು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಹತ್ತಿರದ ಸಂಬಂಧಿ?"

ಮುದುಕ ಅಂಗಿಯ ತೋಳು ಸರಿಮಾಡಿಕೊಂಡ.

"ಹೆಂಡತಿ ಮಕ್ಕಳು ಇಲ್ಲ, ಸರಿ. ಅಣ್ಣ, ತಮ್ಮ? ತಂಗಿ ಮಕ್ಕಳು?"

"ಯಾರೂ ಇಲ್ಲಮ್ಮ."

"ಖಾಲಿ ಬಿಡೋ ಹಾಗಿಲ್ಲ, ತಾತ. ಒಂದು ಹೆಸರು ಬರೀಲೇಬೇಕು."

ಕ್ಯಾನ್ಯೂಟ್ ನೆಲ ನೋಡುತ್ತ ಕೂತ. ಇನ್‌ಸ್ಪೆಕ್ಟರ್ ತನ್ನ ಮೇಜಿನಿಂದ ಎದ್ದು ಬಂದ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯುತ್ತದೆ ಎಂಬ ನಂಬಿಕೆಯೂ ಅವನಿಗಿರಲಿಲ್ಲ. ಮುದುಕನ ಮುಖ ನೋಡದೆ ಡೆಲ್ಸಿಯ ಕೈಯಿಂದ ಪೆನ್ನು ತೆಗೆದುಕೊಂಡು, ಆ ಜಾಗದಲ್ಲಿ ಯುರಾಯಸ್ ಕ್ವಾಶಿ ಎಂದು ಬರೆದ. ಮುಂದಿನ ಕಾಲಮಿನಲ್ಲಿ, ತಿಳಿಸಲಾಗಿದೆ, ಬೆಳಿಗ್ಗೆ ಹತ್ತು ಐವತ್ತಾರು, ಎಂದು ತುಂಬಿ ಸಹಿ ಹಾಕಿದ.